ನ್ಯಾಸವಾಗಿ ಬಂದ ಕಥೆಗಳು: ಲಾ ಫಾಂತೇನನ ನೀತಿಕಥೆಗಳೂ ಶಗಾಲನ ಚಿತ್ರಗಳೂ

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ ನ್ಯಾಸಾಪಹಾರವನ್ನೂ ಅವುಗಳಲ್ಲಿ ಒಂದಾಗಿ ಎಣಿಸಿದ್ದಾರೆ. ನ್ಯಾಸವೆಂದರೆ ನಂಬಿ ಒಪ್ಪಿಸಿದ ಒಡವೆ. ನಮ್ಮ ವ್ಯಾಪಾರದ ಮಾತಿನಲ್ಲಿ ಹೇಳುವುದಾದರೆ ಠೇವಣಿ. ಪೂಜ್ಯಪಾದ ಆಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುವ ಬಗೆ ಬಹು ಸೂಕ್ಷ್ಮವಾದುದು. ಒಬ್ಬನು ಹೊನ್ನನ್ನು ಒಪ್ಪಿಸಿ ಹೋಗುತ್ತಾನೆ. ಕಾಲಾಂತರದಲ್ಲಿ ಬಂದು ಕೇಳುವಾಗ ತಾನು ಕೊಟ್ಟ ಸಂಖ್ಯೆಯನ್ನು ಮರೆತು ಕಡಿಮೆ ಹೇಳುತ್ತಾನೆ. ಇಟ್ಟುಕೊಂಡವನು ತನಗೆ ನಿಜ ತಿಳಿದಿದ್ದರೂ ‘ಹೌದು, ಅಷ್ಟೇ’ ಎಂದು ಒಪ್ಪಿಬಿಡುತ್ತಾನೆ. ಇದೇ ನ್ಯಾಸಾಪಹಾರ. ಇಲ್ಲಿ ಕನ್ನ ಕೊರೆದಿಲ್ಲ, ಬೀಗ ಮುರಿದಿಲ್ಲ. ಕೊಟ್ಟವನ ಮರೆವಿನ ಲಾಭವನ್ನು ಪಡೆದದ್ದಷ್ಟೇ ದೋಷ. ಆದುದರಿಂದಲೇ ಇದು ಅಚೌರ್ಯದ ಅತಿಚಾರಗಳಲ್ಲಿ ಸೇರದೆ ಸತ್ಯದ ಅತಿಚಾರಗಳಲ್ಲಿ ಸೇರಿದೆ.

ವಾಣಿಜ್ಯಶಾಸ್ತ್ರದ ಪದವಿ ಪಡೆದು, ಜೀವನದ ಬಹುಭಾಗವನ್ನು ಅಂಗಡಿಯ ಗಲ್ಲಾದ ಮುಂದೆ ಕಳೆದ ನನಗೆ ಈ ಸೂತ್ರ ಬಾಲ್ಯದಿಂದಲೂ ಪರಿಚಿತ. ಆದರೆ ಹೊನ್ನು, ಕಬ್ಬಿಣ, ಧಾನ್ಯಗಳಿಗೆ ಮಾತ್ರವಲ್ಲದೆ ಕಥೆಗೂ ಕಾವ್ಯಕ್ಕೂ ಚಿತ್ರಕ್ಕೂ ಇದು ಅನ್ವಯಿಸುತ್ತದೆಯೆಂಬುದು ಹೊಳೆದದ್ದು ಇಳಿವಯಸ್ಸಿನಲ್ಲಿ, ಫ್ರಾನ್ಸ್ ದೇಶದಲ್ಲಿ ಸುಮಾರು ನೂರು ವರ್ಷಗಳ ಹಿಂದೆ ನಡೆದ ಒಂದು ವಿವಾದದ ವಿಚಾರವನ್ನು ಓದಿದಾಗ. ಆ ವೃತ್ತಾಂತವನ್ನು ವಾಚಕ ಬಂಧುಗಳ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಇಲಿ ತಿಂದ ಕಬ್ಬಿಣ

ಪಂಚತಂತ್ರದ ಒಂದು ಕಥೆ ನಮ್ಮ ಮನೆಗಳ ಮಕ್ಕಳಿಗೂ ಗೊತ್ತು. ಬಡತನಕ್ಕೆ ಬಿದ್ದ ವರ್ತಕನೊಬ್ಬ ತನ್ನ ಹಿರಿಯರ ಕಬ್ಬಿಣದ ತಕ್ಕಡಿಯನ್ನು ಶ್ರೇಷ್ಠಿಯೊಬ್ಬನ ಮನೆಯಲ್ಲಿ ಒಪ್ಪಿಸಿ ದೇಶಾಂತರ ಹೋಗುತ್ತಾನೆ. ಹಿಂದಿರುಗಿ ಕೇಳಿದರೆ ಶ್ರೇಷ್ಠಿಯು ‘ಇಲಿಗಳು ತಿಂದುಬಿಟ್ಟವು’ ಎನ್ನುತ್ತಾನೆ. ವರ್ತಕನು ಮರುಮಾತಾಡದೆ ಶ್ರೇಷ್ಠಿಯ ಮಗನನ್ನು ಸ್ನಾನಕ್ಕೆಂದು ಕರೆದೊಯ್ದು ಬಚ್ಚಿಟ್ಟು, ‘ಗಿಡುಗ ಹೊತ್ತುಕೊಂಡು ಹೋಯಿತು’ ಎನ್ನುತ್ತಾನೆ. ಇಲಿ ಕಬ್ಬಿಣವನ್ನು ತಿನ್ನುವ ಊರಿನಲ್ಲಿ ಗಿಡುಗ ಹುಡುಗನನ್ನು ಹೊತ್ತೊಯ್ದರೆ ಆಶ್ಚರ್ಯವೇನು?

ಫ್ರಾನ್ಸಿನ ಮಹಾಕವಿ ಝಾನ್ ದ ಲಾ ಫಾಂತೇನನ (1621–1695) ನೀತಿಕಥೆಗಳ ಒಂಬತ್ತನೆಯ ಪುಸ್ತಕದ ಮೊದಲಲ್ಲೇ ಇದೇ ಕಥೆಯಿದೆ. ಅಲ್ಲಿ ಠೇವಣಿಯಿಟ್ಟವನು ಪರ್ಷಿಯದ ವ್ಯಾಪಾರಿ. ಗಿಡುಗದ ಸ್ಥಾನದಲ್ಲಿ ಗೂಬೆ. ಉಳಿದುದೆಲ್ಲ ನಮ್ಮದೇ. ಗಗನಕ್ಕೇರಿ ಬಾಯಿಬಿಟ್ಟು ಕೆಟ್ಟ ಆಮೆಯ ಕಥೆ ಅವನಲ್ಲಿದೆ. ಮೀನುಗಳನ್ನು ವಂಚಿಸಿದ ಬಕನ ಕಥೆಯಿದೆ. ಹುಡುಗಿಯಾಗಿ ಮಾರ್ಪಟ್ಟ ಇಲಿಯ ಕಥೆಯಿದೆ. ಹಿಟ್ಟಿನ ಮಡಕೆಯ ಕೆಳಗೆ ಮಲಗಿ ಸಂಸಾರದ ಕನಸು ಕಂಡ ಬ್ರಾಹ್ಮಣನು ಅಲ್ಲಿ ಹಾಲಿನ ಕೊಡ ಹೊತ್ತ ಹೆಂಗಸಾಗಿದ್ದಾಳೆ.

ಇವು ಅಲ್ಲಿಗೆ ಹೋದ ಹಾದಿ ವಿದ್ವಾಂಸರು ಸ್ಪಷ್ಟವಾಗಿ ಗುರುತಿಸಿರುವಂಥದು. ಆರನೆಯ ಶತಮಾನದಲ್ಲಿ ಪರ್ಷಿಯದ ಅರಸ ಖುಸ್ರೋ ಅನೂಶಿರ್ವಾನನ ಕಾಲದಲ್ಲಿ ಬುರ್ಜೋಯ್ ಎಂಬ ವೈದ್ಯನು ಈ ಕಥೆಗಳನ್ನು ಪಹ್ಲವಿ ಭಾಷೆಗೆ ತಂದನು. ಎಂಟನೆಯ ಶತಮಾನದ ಮಧ್ಯದಲ್ಲಿ ಇಬ್ನ್ ಅಲ್-ಮುಕಫ್ಫನು ಅರಬ್ಬಿಯಲ್ಲಿ ‘ಕಲೀಲ ವ ದಿಮ್ನ’ವನ್ನು ರಚಿಸಿದನು, ಕರಟಕ ದಮನಕರೇ ಈ ಕಲೀಲ ದಿಮ್ನರು. ಹನ್ನೆರಡನೆಯ ಶತಮಾನದಲ್ಲಿ ರಬ್ಬಿ ಯೋಯೆಲ್ ಎಂಬ ಯಹೂದಿ ಪಂಡಿತನು ಅದನ್ನು ಹೀಬ್ರೂ ಭಾಷೆಗೆ ತಿರುಗಿಸಿದನು. ಅದರಿಂದ ಹದಿಮೂರನೆಯ ಶತಮಾನದಲ್ಲಿ ಕಪುವದ ಜಾನ್ ಲ್ಯಾಟಿನ್‌ಗೆ ಅನುವಾದಿಸಿದನು. ಇವನೂ ಹುಟ್ಟಿನಿಂದ ಯಹೂದಿ, ಅನಂತರ ಕ್ರೈಸ್ತನಾದವನು. ಆ ಲ್ಯಾಟಿನ್ ಗ್ರಂಥದಿಂದ ಜರ್ಮನ್, ಸ್ಪ್ಯಾನಿಷ್, ಇಟಾಲಿಯನ್ ಭಾಷೆಗಳಿಗೆ ಕಥೆಗಳು ಹರಡಿದವು. ಇನ್ನೊಂದು ಶಾಖೆ ಪರ್ಷಿಯನ್ ಭಾಷೆಯ ಮೂಲಕ ಸಾಗಿ 1644ರಲ್ಲಿ ಪ್ಯಾರಿಸಿನಲ್ಲಿ ಫ್ರೆಂಚ್ ಅನುವಾದವಾಗಿ ಪ್ರಕಟವಾಯಿತು. ಅದು ಲಾ ಫಾಂತೇನನ ಕೈಸೇರಿತು.

ಈ ಪರಂಪರೆಯಲ್ಲಿ ಜೈನರ ಪಾತ್ರವೂ ಅಲ್ಪವಲ್ಲ. 1199ರಲ್ಲಿ ಪೂರ್ಣಭದ್ರನೆಂಬ ಜೈನ ಮುನಿಯು ಪಂಚತಂತ್ರದ ಹಲವು ಪಾಠಗಳನ್ನು ಪರಿಶೀಲಿಸಿ ‘ಪಂಚಾಖ್ಯಾನಕ’ವನ್ನು ಸಿದ್ಧಪಡಿಸಿದನು. ಜರ್ಮನ್ ವಿದ್ವಾಂಸ ಯೋಹಾನ್ನೆಸ್ ಹರ್ಟೆಲ್ ಅದನ್ನು 1908ರಲ್ಲಿ ಹಾರ್ವರ್ಡ್ ಗ್ರಂಥಮಾಲೆಯಲ್ಲಿ ಸಂಪಾದಿಸಿದರು. ಆರ್ಥರ್ ರೈಡರ್ 1925ರಲ್ಲಿ ಪ್ರಕಟಿಸಿದ ಪ್ರಸಿದ್ಧ ಇಂಗ್ಲಿಷ್ ಅನುವಾದಕ್ಕೆ ಈ ಜೈನ ಪಾಠವೇ ಆಧಾರ. ಕನ್ನಡದಲ್ಲಿ ಹನ್ನೊಂದನೆಯ ಶತಮಾನದಲ್ಲಿಯೇ, ಚಾಲುಕ್ಯ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು ವಸುಭಾಗಭಟ್ಟನ ಪಾಠವನ್ನು ಅನುಸರಿಸಿ ಚಂಪೂರೂಪದಲ್ಲಿ ಪಂಚತಂತ್ರವನ್ನು ಬರೆದನು. ಬ್ರಾಹ್ಮಣನಾದ ದುರ್ಗಸಿಂಹನು ಅಸಗ, ಪೊನ್ನ, ಪಂಪ ಮೊದಲಾದ ಜೈನಕವಿಗಳನ್ನು ಗೌರವದಿಂದ ಸ್ಮರಿಸಿದ್ದಾನೆ. ಹಿಂದಿನವರು ‘ಇವನು ನಮ್ಮವನೋ ಅಲ್ಲವೋ’ ಎಂದು ಕೇಳದೆಯೇ ಕೊಟ್ಟರು, ಪಡೆದರು.

ಕವಿಯ ಪ್ರಾಮಾಣಿಕತೆ

ಲಾ ಫಾಂತೇನನು ತನ್ನ ಮೊದಲ ಆರು ಪುಸ್ತಕಗಳನ್ನು 1668ರಲ್ಲಿ ಪ್ರಕಟಿಸಿದನು. ಅವುಗಳಲ್ಲಿ ಈಸೋಪನ ಋಣವೇ ಹೆಚ್ಚು. ಎರಡನೆಯ ಸಂಗ್ರಹವು 1678–79ರಲ್ಲಿ ಹೊರಬಂದಾಗ ಅದರ ಮುನ್ನುಡಿಯಲ್ಲಿ ಅವನು, ಇವುಗಳ ಹೆಚ್ಚಿನ ಭಾಗಕ್ಕೆ ತಾನು ಭಾರತದ ಜ್ಞಾನಿ ಪಿಲ್ಪಾಯನಿಗೆ ಋಣಿಯೆಂದು ಸ್ಪಷ್ಟವಾಗಿ ಬರೆದನು. ಪಿಲ್ಪಾಯ್ ಅಥವಾ ಬಿದ್‌ಪಾಯ್ ಎಂಬುದು ಅರಬ್ಬಿ, ಪರ್ಷಿಯನ್ ಪಾಠಗಳಲ್ಲಿ ಈ ಕಥೆಗಳ ಕರ್ತೃವಿಗೆ ಬಂದಿರುವ ಹೆಸರು.

ಪೂಜ್ಯಪಾದರ ವಿವರಣೆಯನ್ನು ಇಲ್ಲಿ ಸ್ಮರಿಸಿಕೊಳ್ಳಬೇಕು. ಆ ಕಾಲದಲ್ಲಿ ಭಾರತದಿಂದ ಯಾರೂ ಪ್ಯಾರಿಸಿಗೆ ಹೋಗಿ ‘ನಮ್ಮ ಕಥೆಗಳ ಲೆಕ್ಕ ಕೊಡು’ ಎಂದು ಕೇಳಿರಲಿಲ್ಲ. ಕೊಟ್ಟವರಿಗೆ ಕೊಟ್ಟದ್ದರ ನೆನಪೇ ಇರಲಿಲ್ಲ. ಸುಮ್ಮನಿದ್ದರೆ ಎಲ್ಲವೂ ಅವನದೇ ಆಗುತ್ತಿತ್ತು. ಆದರೂ ಅವನು ಖಾತೆಯಲ್ಲಿ ಜಮೆಯನ್ನು ಸರಿಯಾಗಿ ಬರೆದನು. ಅಣುವ್ರತದ ಹೆಸರನ್ನೂ ಕೇಳದ ಕವಿಯೊಬ್ಬನು ಸತ್ಯಾಣುವ್ರತದ ಈ ಅಂಗವನ್ನು ಪಾಲಿಸಿದ್ದಾನೆಂದರೆ ನಾವು ಗೌರವಿಸಲೇಬೇಕು.

ಕ್ರಮೇಣ ಲಾ ಫಾಂತೇನನು ಫ್ರೆಂಚ್ ಮಕ್ಕಳೆಲ್ಲರೂ ಶಾಲೆಯಲ್ಲಿ ಕಂಠಪಾಠ ಮಾಡುವ ಕವಿಯಾದನು. ಊದ್ರಿ, ಗ್ರಾಂವಿಲ್, ಗುಸ್ತಾವ್ ದೊರೆ ಮೊದಲಾದ ದೊಡ್ಡ ಚಿತ್ರಕಾರರು ಅವನ ಕೃತಿಗೆ ಚಿತ್ರ ಬರೆದರು. ನಮ್ಮ ದೇಶದವರಿಗೆ ಇನ್ನೂ ಆಪ್ತವಾದ ಸಂಗತಿಯೊಂದಿದೆ. 1830ರ ದಶಕದಲ್ಲಿ ಪ್ಯಾರಿಸಿನ ಗ್ರಂಥಸಂಗ್ರಾಹಕ ಫೆಯೇ ದ ಕೋಂಶ್ ಎಂಬಾತನು ಮಹಾರಾಜ ರಣಜಿತ್ ಸಿಂಗನ ಸೈನ್ಯದಲ್ಲಿದ್ದ ಜನರಲ್ ಅಲ್ಲಾರನ ಮೂಲಕ ಲಾಹೋರಿನ ಇಮಾಮ್ ಬಕ್ಷ್ ಎಂಬ ಕಲಾವಿದನಿಂದ ಈ ಕಥೆಗಳಿಗೆ ಚಿತ್ರ ಬರೆಸಿಕೊಂಡನು. ಅವು ಇಂದು ಕವಿಯ ಹುಟ್ಟೂರಾದ ಶಾತೊ-ತಿಯೆರಿಯ ವಸ್ತುಸಂಗ್ರಹಾಲಯದಲ್ಲಿವೆ. ಭಾರತದಿಂದ ಹೊರಟ ಕಥೆ ಸಾವಿರ ವರ್ಷಗಳ ಅನಂತರ ಚಿತ್ರಕ್ಕಾಗಿ ಭಾರತಕ್ಕೇ ಬಂದು ಮತ್ತೆ ಹಿಂದಿರುಗಿತು.

ವೊಲಾರ್ ಮತ್ತು ಶಗಾಲ್

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಆಂಬ್ರ್ವಾಸ್ ವೊಲಾರ್ (1866–1939) ಹಿಂದೂ ಮಹಾಸಾಗರದ ರೆಯೂನಿಯನ್ ದ್ವೀಪದಲ್ಲಿ ಹುಟ್ಟಿ ಪ್ಯಾರಿಸಿನಲ್ಲಿ ಚಿತ್ರಗಳ ವ್ಯಾಪಾರ ಮಾಡಿ ಹೆಸರಾದವನು. ಸೆಜಾನನ ಚಿತ್ರಗಳನ್ನು ಜನರ ಮುಂದಿಟ್ಟವರಲ್ಲಿ ಅಗ್ರಗಣ್ಯ. ದೊಡ್ಡ ಕಲಾವಿದರಿಂದ ಮುದ್ರಣಚಿತ್ರಗಳನ್ನು ಮಾಡಿಸಿ ಸಾಹಿತ್ಯಕೃತಿಗಳೊಡನೆ ಪ್ರಕಟಿಸುವುದು ಅವನ ಹವ್ಯಾಸ. ವ್ಯಾಪಾರಿಗಳಲ್ಲಿಯೂ ಇಂಥವರು ಇರುತ್ತಾರೆ. ಲಾಭವನ್ನು ಗಳಿಸಿ, ಅದನ್ನು ಲಾಭವಿಲ್ಲದ ಕಾರ್ಯದಲ್ಲಿ ತೊಡಗಿಸುವವರು.

ಮಾರ್ಕ್ ಶಗಾಲ್ (1887–1985) ಅಂದಿನ ರಷ್ಯಾ ಸಾಮ್ರಾಜ್ಯದ, ಈಗಿನ ಬೆಲಾರೂಸಿನ ವಿಟೆಬ್ಸ್ಕ್ ಪಟ್ಟಣದ ಬಡ ಯಹೂದಿ ಕುಟುಂಬದವನು. ತಂದೆ ಮೀನಿನ ವರ್ತಕನೊಬ್ಬನಲ್ಲಿ ಕೂಲಿಯಾಗಿದ್ದನು. ತಾಯಿ ಸಣ್ಣ ದಿನಸಿ ಅಂಗಡಿಯನ್ನಿಟ್ಟಿದ್ದಳು. ಅಜ್ಜನದು ಕಸಾಯಿ ವೃತ್ತಿ. ಆ ಮನೆಯಲ್ಲಿ ವಧೆಗೆ ನಿಂತ ಹಸುವನ್ನು ಕಂಡು ಬಾಲಕನಾಗಿ ತಾನು ಮರುಗಿದುದನ್ನು ಶಗಾಲನು ಆತ್ಮಚರಿತ್ರೆಯಲ್ಲಿ ಬರೆದಿದ್ದಾನೆ. ಅವನ ಚಿತ್ರಗಳ ಪ್ರಾಣಿಗಳಿಗೆ ಮನುಷ್ಯರ ಕಣ್ಣುಗಳಿರುವುದು ಏಕೆಂದು ಅದನ್ನು ಓದಿದವರಿಗೆ ಅರ್ಥವಾಗುತ್ತದೆ. ಹಿಂಸೆಯ ಮಧ್ಯೆ ಹುಟ್ಟಿದ ಜೀವಕ್ಕೂ ಅನುಕಂಪ ಮೂಡಬಲ್ಲದು ಎಂಬುದಕ್ಕೆ ಇದು ದೃಷ್ಟಾಂತ.

1923ರಲ್ಲಿ ಪ್ಯಾರಿಸಿಗೆ ಬಂದ ಶಗಾಲನಿಂದ ವೊಲಾರನು ಮೊದಲು ಗೊಗೊಲ್ ಎಂಬ ರಷ್ಯನ್ ಲೇಖಕನ ‘ಸತ್ತ ಆತ್ಮಗಳು’ ಕಾದಂಬರಿಗೆ ಮುದ್ರಣಚಿತ್ರಗಳನ್ನು ಮಾಡಿಸಿದನು. ಅನಂತರ ಲಾ ಫಾಂತೇನನ ನೀತಿಕಥೆಗಳನ್ನು ಒಪ್ಪಿಸಿದನು. ಗದ್ದಲ ಎದ್ದುದು ಆಗ. ಫ್ರೆಂಚ್ ಭಾಷೆಯ ಮುಕುಟಪ್ರಾಯನಾದ ಕವಿಗೆ ಚಿತ್ರ ಬರೆಯಲು ಫ್ರೆಂಚ್ ಕಲಾವಿದನೊಬ್ಬನೂ ಸಿಗಲಿಲ್ಲವೇ, ರಷ್ಯದಿಂದ ಬಂದ ಯಹೂದಿಯೇ ಬೇಕಾಯಿತೇ ಎಂದು ಹಲವರು ಆಕ್ಷೇಪಿಸಿದರು. ವಿಷಯ ಆ ದೇಶದ ಪ್ರತಿನಿಧಿಸಭೆಯವರೆಗೂ ಹೋಯಿತು.

ವೊಲಾರನು ಕೊಟ್ಟ ಉತ್ತರ ನೆನಪಿಡತಕ್ಕದ್ದು. ಶಗಾಲನು ಒಳ್ಳೆಯ ಕಲಾವಿದನೆಂದಷ್ಟೇ ಹೇಳಿ ಅವನು ಸುಮ್ಮನಾಗಲಿಲ್ಲ. ಲಾ ಫಾಂತೇನನ ಮೂಲಗಳೇ ಪೂರ್ವದೇಶದವು. ಈಸೋಪನಲ್ಲದೆ ಭಾರತ, ಪರ್ಷಿಯ, ಅರಬ್ ದೇಶಗಳ ಕಥೆಗಾರರೂ ಅವುಗಳ ಹಿಂದೆ ಇದ್ದಾರೆ. ಹಾಗಿರುವಾಗ ಪೂರ್ವದಿಂದ ಬಂದ ಕಲಾವಿದನು ಅವುಗಳ ಅಂತರಂಗವನ್ನು ಏಕೆ ಅರಿಯಲಾರನು ಎಂಬುದು ಅವನ ವಾದದ ಸಾರ. ಕವಿಯು 1678ರಲ್ಲಿ ಬರೆದಿಟ್ಟ ಖಾತೆಯ ಪುಟವನ್ನೇ ವೊಲಾರನು ತೆರೆದು ತೋರಿಸಿದಂತಾಯಿತು. ಆಕ್ಷೇಪಿಸಿದವರು ಇನ್ನೊಂದು ವಿಷಯವನ್ನೂ ಮರೆತಿದ್ದರು. ಈ ಕಥೆಗಳು ಯುರೋಪನ್ನು ತಲುಪಿದ ಲ್ಯಾಟಿನ್ ಹಾದಿಯಲ್ಲಿ ಅವನ್ನು ಹೊತ್ತು ತಂದ ಕೈಗಳೇ ಯಹೂದಿಗಳವು. ಏಳುನೂರು ವರ್ಷಗಳ ಹಿಂದೆ ಹೊರೆ ಹೊತ್ತವನ ಕುಲದವನು ಇಂದು ಆ ಹೊರೆಯನ್ನು ಮುಟ್ಟಬಾರದೆಂದರೆ ಅದು ಯಾವ ನ್ಯಾಯ?

1930ರ ಪ್ರದರ್ಶನ ಮತ್ತು ತಾಮ್ರದ ಫಲಕಗಳು

ಶಗಾಲನು ಮೊದಲು ಗ್ವಾಶ್ ಎಂಬ ಗಟ್ಟಿ ಜಲವರ್ಣದಲ್ಲಿ ಸುಮಾರು ನೂರು ಚಿತ್ರಗಳನ್ನು ಬರೆದನು. ಇವು 1930ರಲ್ಲಿ ಪ್ಯಾರಿಸಿನ ಬರ್ನ್‌ಹೈಮ್-ಜೂನ್, ಬ್ರಸೆಲ್ಸಿನ ಲ ಸಾಂತೋರ್, ಬರ್ಲಿನ್ನಿನ ಫ್ಲೆಖ್ಟ್‌ಹೈಮ್ ಗ್ಯಾಲರಿಗಳಲ್ಲಿ ಪ್ರದರ್ಶಿತವಾದವು. ಕಡುನೀಲಿ, ಕೆಂಪು, ಹಸಿರುಗಳ ನಡುವೆ ನರಿ, ತೋಳ, ಕಾಗೆ, ಹಾಲಿನ ಹೆಂಗಸು ವಿಟೆಬ್ಸ್ಕಿನ ಹಳ್ಳಿಗಳಲ್ಲಿಯೇ ಹುಟ್ಟಿದವರಂತೆ ಕಾಣುತ್ತಾರೆ. ಪ್ರದರ್ಶನದ ಬಳಿಕ ಚಿತ್ರಗಳು ಮಾರಾಟವಾಗಿ ಹತ್ತಾರು ಮನೆಗಳಿಗೆ ಚದುರಿದವು. ಕವಿಯ ಮರಣದ ಮುನ್ನೂರನೆಯ ವರ್ಷದ ನೆನಪಿನಲ್ಲಿ, 1995–96ರಲ್ಲಿ, ಫ್ರಾನ್ಸಿನ ಸೆರೆ ಮತ್ತು ನೀಸ್ ಪಟ್ಟಣಗಳ ವಸ್ತುಸಂಗ್ರಹಾಲಯಗಳಲ್ಲಿ ಅವುಗಳಲ್ಲಿ ದೊರೆತಷ್ಟನ್ನು ಒಟ್ಟುಗೂಡಿಸಿ ತೋರಿಸಲಾಯಿತು. ಅವು ನಲವತ್ತಕ್ಕಿಂತ ತುಸು ಹೆಚ್ಚು ಮಾತ್ರ.

ಚಿತ್ರಪಟ ಒಂದೇ, ಅದನ್ನು ಕೊಂಡವನ ಗೋಡೆಗೆ ಅದು ಸೇರಿಹೋಗುತ್ತದೆ. ಮುದ್ರಣಚಿತ್ರ ಹಾಗಲ್ಲ. ವೊಲಾರನ ಮೂಲ ಸಂಕಲ್ಪ ಗ್ವಾಶ್ ಚಿತ್ರಗಳನ್ನೇ ಬಣ್ಣದಲ್ಲಿ ಮುದ್ರಿಸುವುದಾಗಿತ್ತು. ನುರಿತ ಕುಶಲಿಗಳು ಪ್ರಯತ್ನಿಸಿದರೂ ಆ ವರ್ಣಗಳ ಬೆರಕೆ ಅಚ್ಚಿಗೆ ಒಗ್ಗಲಿಲ್ಲ. ಆಗ ಶಗಾಲನು ತಾನೇ ಕುಳಿತು ತಾಮ್ರದ ಫಲಕಗಳ ಮೇಲೆ ಎಚಿಂಗ್ ವಿಧಾನದಲ್ಲಿ ನೂರು ಚಿತ್ರಗಳನ್ನು ಕಪ್ಪು-ಬಿಳುಪಿನಲ್ಲಿ ಮತ್ತೆ ರಚಿಸಿದನು.

ಈ ವಿಧಾನವನ್ನು ಸ್ಥೂಲವಾಗಿ ಹೇಳುವುದಾದರೆ, ತಾಮ್ರದ ಫಲಕಕ್ಕೆ ಆಮ್ಲ ತಾಗದಂತೆ ಮೇಣದಂತಹ ಲೇಪವನ್ನು ಹಚ್ಚುತ್ತಾರೆ. ಸೂಜಿಯಿಂದ ಗೀರಿದಲ್ಲಿ ಲೇಪ ಹೋಗಿ ತಾಮ್ರ ಕಾಣುತ್ತದೆ. ಫಲಕವನ್ನು ಆಮ್ಲದಲ್ಲಿಟ್ಟಾಗ ಗೀರಿದ ಭಾಗ ಮಾತ್ರ ಕೊರೆದು ತಗ್ಗಾಗುತ್ತದೆ. ಹೆಚ್ಚು ಹೊತ್ತು ಇಟ್ಟರೆ ಗೆರೆ ಆಳವಾಗಿ ಅಚ್ಚಿನಲ್ಲಿ ಕಡುಕಪ್ಪಾಗುತ್ತದೆ. ಬಳಿಕ ಲೇಪವನ್ನು ತೆಗೆದು, ತಗ್ಗುಗಳಲ್ಲಿ ಮಸಿ ತುಂಬಿ, ಮೇಲ್ಮೈಯನ್ನು ಒರೆಸಿ, ಒದ್ದೆಮಾಡಿದ ಕಾಗದವನ್ನಿಟ್ಟು ಯಂತ್ರದಲ್ಲಿ ಒತ್ತುತ್ತಾರೆ. ಶಗಾಲನು ಸೂಜಿಯ ಗೆರೆಗಳ ಜೊತೆಗೆ ಕುಂಚದಿಂದ ಲೇಪವನ್ನು ಹಚ್ಚಿ, ಬೂದುಬಣ್ಣದ ನಾನಾ ಛಾಯೆಗಳನ್ನು ತಂದು, ಬಣ್ಣವಿಲ್ಲದೆಯೂ ಬಣ್ಣದ ಭಾವವನ್ನು ಮೂಡಿಸಿದನು. ತೋಳದ ಎದುರು ನಿಂತ ಕುರಿಮರಿಯ ಬಿಳುಪು ಆ ಕಪ್ಪಿನ ನಡುವೆ ಎಷ್ಟು ನಿಸ್ಸಹಾಯಕವಾಗಿದೆಯೆಂದರೆ ನೀತಿಯನ್ನು ಬೇರೆಯಾಗಿ ಹೇಳಬೇಕಾಗಿಯೇ ಇಲ್ಲ.

ಫಲಕಗಳು ಸಿದ್ಧವಾದರೂ ಗ್ರಂಥ ಹೊರಬರಲಿಲ್ಲ. 1939ರಲ್ಲಿ ವೊಲಾರನು ಕಾರು ಅಪಘಾತದಲ್ಲಿ ತೀರಿಕೊಂಡನು. ಅಷ್ಟರಲ್ಲಿ ಯುರೋಪಿನ ಗಾಳಿಯೇ ಬದಲಾಗಿತ್ತು. ಬರ್ಲಿನ್ನಿನಲ್ಲಿ ಪ್ರದರ್ಶನ ನಡೆಸಿದ ಆಲ್ಫ್ರೆಡ್ ಫ್ಲೆಖ್ಟ್‌ಹೈಮನು ಯಹೂದಿಯೆಂಬ ಕಾರಣದಿಂದ 1933ರಲ್ಲಿ ಜರ್ಮನಿಯನ್ನು ತೊರೆದು, 1937ರಲ್ಲಿ ಲಂಡನ್ನಿನಲ್ಲಿ ಮಡಿದನು. ಅದೇ ವರ್ಷ ಮ್ಯೂನಿಕ್ಕಿನಲ್ಲಿ ನಾಜಿಗಳು ಏರ್ಪಡಿಸಿದ ‘ಭ್ರಷ್ಟ ಕಲೆ’ಯ ಪ್ರದರ್ಶನದಲ್ಲಿ ಶಗಾಲನ ಚಿತ್ರಗಳನ್ನು ಹಾಸ್ಯಕ್ಕಾಗಿ ತೂಗುಹಾಕಿದರು. ಜನರಿಗೆ ಕಲೆಯನ್ನು ತೋರಿಸಲು ಒಂದು ಪ್ರದರ್ಶನ. ಜನರಲ್ಲಿ ದ್ವೇಷವನ್ನು ಬಿತ್ತಲು ಇನ್ನೊಂದು ಪ್ರದರ್ಶನ! 1937ರಲ್ಲಿ ಫ್ರೆಂಚ್ ಪೌರತ್ವ ಪಡೆದ ಶಗಾಲನು 1941ರಲ್ಲಿ ಪತ್ನಿಯೊಡನೆ ಅಮೆರಿಕಕ್ಕೆ ಪಾರಾಗಿ ಹೋಗಬೇಕಾಯಿತು. ಕವಿಯು ನಮ್ಮವನು, ಕಲಾವಿದನು ಪರಕೀಯನು ಎಂಬ ಮಾತು 1920ರ ದಶಕದಲ್ಲಿ ಪತ್ರಿಕೆಗಳ ಚರ್ಚೆಯಷ್ಟೇ ಆಗಿತ್ತು. ಹದಿನೈದು ವರ್ಷಗಳಲ್ಲಿ ಅಂಥ ಭಾವನೆಯೇ ಸರ್ಕಾರದ ಶಾಸನವಾಗಿ, ಜನರ ಪ್ರಾಣಕ್ಕೆ ಎರವಾಯಿತು.

ಯುದ್ಧಾನಂತರ 1948ರಲ್ಲಿ ಶಗಾಲನು ಫ್ರಾನ್ಸಿಗೆ ಹಿಂದಿರುಗಿದನು. ಅದೇ ವರ್ಷ ತೇರಿಯಾದ್ ಎಂಬ ಪ್ರಕಾಶಕನು ‘ಸತ್ತ ಆತ್ಮಗಳು’ ಚಿತ್ರಗಳನ್ನು ಪ್ರಕಟಿಸಿದನು. ವೆನಿಸ್ ನಗರದ ದ್ವೈವಾರ್ಷಿಕ ಕಲಾಪ್ರದರ್ಶನದಲ್ಲಿ ಮುದ್ರಣಕಲೆಯ ಬಹುಮಾನವೂ ಅವನಿಗೆ ಸಂದಿತು. ಲಾ ಫಾಂತೇನನ ನೀತಿಕಥೆಗಳ ನೂರು ಚಿತ್ರಗಳು 1952ರಲ್ಲಿ ಗ್ರಂಥರೂಪದಲ್ಲಿ ಹೊರಬಂದವು. ಅಂದಿನಿಂದ ಅವು ಅನೇಕ ದೇಶಗಳ ಸಂಗ್ರಹಾಲಯಗಳಲ್ಲಿವೆ, ಮತ್ತೆಮತ್ತೆ ಪ್ರದರ್ಶನಗೊಳ್ಳುತ್ತಿವೆ. ಪ್ರತಿನಿಧಿಸಭೆಯಲ್ಲಿ ಆಕ್ಷೇಪಿಸಿದವರ ಹೆಸರು ಇಂದು ಯಾರಿಗೂ ಬೇಡ.

ನಮ್ಮ ಮನೆಯ ಲೆಕ್ಕ

ಇಷ್ಟು ದೂರದ ಕಥೆ ನಮಗೇಕೆ ಎಂದು ವಾಚಕರು ಕೇಳಬಹುದು. ನಮ್ಮ ಬಸದಿಗಳಲ್ಲಿ ಕಾಣಸಿಗುವ ಮಧುಬಿಂದು ಚಿತ್ರವನ್ನು ನೆನೆಯಿರಿ. ಬಾವಿಯೊಳಗೆ ಕೊಂಬೆ ಹಿಡಿದು ಜೋತ ಮನುಷ್ಯ, ಮೇಲೆ ಆನೆ, ಕೆಳಗೆ ಸರ್ಪಗಳು, ಕೊಂಬೆಯನ್ನು ಕಡಿಯುವ ಕಪ್ಪು-ಬಿಳಿ ಇಲಿಗಳು, ನಾಲಗೆಗೆ ಬೀಳುವ ಜೇನಹನಿ. ಹರಿಭದ್ರಸೂರಿ, ಹೇಮಚಂದ್ರರು ಹೇಳಿರುವ ಈ ದೃಷ್ಟಾಂತ ಮಹಾಭಾರತದಲ್ಲಿಯೂ ಇದೆ. ಬುರ್ಜೋಯನ ಪೀಠಿಕೆಯಲ್ಲಿಯೂ ಇದೆ. ಇಟಲಿಯ ಪಾರ್ಮಾ ನಗರದಲ್ಲಿ ಎಂಟುನೂರು ವರ್ಷಗಳಷ್ಟು ಹಳೆಯದಾದ ಕ್ರೈಸ್ತ ದೀಕ್ಷಾಮಂದಿರದ ಬಾಗಿಲ ಮೇಲೆ, ಮರದ ಮೇಲೆ ಕುಳಿತ ಮನುಷ್ಯ, ಕೆಳಗೆ ಘಟಸರ್ಪ, ಬುಡ ಕಡಿಯುವ ಎರಡು ಪ್ರಾಣಿಗಳೊಡನೆ ಅದೇ ದೃಷ್ಟಾಂತವನ್ನು ಕೆತ್ತಿದ್ದಾರೆ. ಅದು ಯಾರ ಸ್ವತ್ತು?

ಮೂಡಬಿದಿರೆಯಲ್ಲಿ ಧವಲಾದಿ ಸಿದ್ಧಾಂತಗ್ರಂಥಗಳ ತಾಳೆಯೋಲೆಗಳನ್ನು ನಮ್ಮ ಹಿರಿಯರು ಶತಮಾನಗಳ ಕಾಲ ಪ್ರಾಣದಂತೆ ಕಾಪಾಡಿದರು. ಅವರು ಕಾಪಾಡದಿದ್ದರೆ ಇಂದು ಗ್ರಂಥವೇ ಇರುತ್ತಿರಲಿಲ್ಲ. ಆದರೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕಾರ್ಯ ಆರಂಭವಾಗಿ, 1939ರಿಂದ ಡಾ. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಮುದ್ರಣವಾದ ಮೇಲೆಯೇ ಜಗತ್ತು ಅದನ್ನು ಓದಿತು. ಕಾಪಾಡುವುದು ನ್ಯಾಸಧಾರಿಯ ಮೊದಲ ಕರ್ತವ್ಯ. ಕೇಳಿದವರಿಗೆ ತೆರೆದು ತೋರಿಸುವುದು ಎರಡನೆಯದು. ಮೊದಲನೆಯದನ್ನು ಮಾಡಿದೆವೆಂದು ಎರಡನೆಯದನ್ನು ಬಿಡುವಂತಿಲ್ಲ.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಹಲವು ವರ್ಷಗಳ ಹಿಂದೆ ಒಂದು ಬಸದಿಯ ಟ್ರಸ್ಟಿನಲ್ಲಿ ನಾನು ಕೋಶಾಧ್ಯಕ್ಷನಾಗಿದ್ದೆ. ಚಿತ್ರಕಲಾ ಶಾಲೆಯಲ್ಲಿ ಕಲಿತ ಯುವಕನೊಬ್ಬ ವಡ್ಡಾರಾಧನೆಯ ಕಥೆಗಳನ್ನು ಆಧರಿಸಿ ತಾನು ಮಾಡಿದ ಮುದ್ರಣಚಿತ್ರಗಳನ್ನು ತಂದು, ಸಭಾಭವನದ ಗೋಡೆಯಲ್ಲಿ ಪರ್ಯುಷಣದ ದಿನಗಳಲ್ಲಿ ಪ್ರದರ್ಶಿಸಲು ಅನುಮತಿ ಬೇಡಿದ. ಹಣ ಕೇಳಲಿಲ್ಲ. ಹುಟ್ಟಿನಿಂದ ಜೈನನಲ್ಲ. ಸುಕುಮಾರಸ್ವಾಮಿಯ ಕಥೆಯನ್ನು ಮೂರು ಸಲ ಓದಿ ಅತ್ತಿದ್ದೇನೆಂದು ಹೇಳಿದ. ‘ನಮ್ಮವರಲ್ಲದವರಿಗೆ ಇದರ ಒಳಮರ್ಮ ತಿಳಿಯದು’ ಎಂದು ಸಭೆಯಲ್ಲಿ ಮೊದಲು ನುಡಿದವನು ನಾನೇ. ಯಾರೂ ಚಿತ್ರಗಳ ಕಟ್ಟನ್ನು ಪೂರ್ತಿ ಬಿಚ್ಚಿ ನೋಡಲಿಲ್ಲ. ಅವನು ಕೈಮುಗಿದು, ಕಟ್ಟನ್ನು ಮತ್ತೆ ಬಿಗಿದುಕೊಂಡು ಹೊರಟುಹೋದ. ಆ ಗೋಡೆಯಲ್ಲಿ ಈಗ ದಾನಿಗಳ ಹೆಸರಿನ ಅಮೃತಶಿಲೆಯ ಫಲಕಗಳಿವೆ. ಅವುಗಳಲ್ಲಿ ನನ್ನ ಹೆಸರೂ ಇದೆ.

ವೊಲಾರನ ವೃತ್ತಾಂತವನ್ನು ಓದಿದ ರಾತ್ರಿ ನನಗೆ ಆ ಕಟ್ಟು ನೆನಪಾಯಿತು. ನಾನೂ ವ್ಯಾಪಾರಿ, ಅವನೂ ವ್ಯಾಪಾರಿ. ಅವನು ಖಾತೆಯನ್ನು ತೆರೆದನು, ನಾನು ಮುಚ್ಚಿದೆನು. ಶಿವಕೋಟ್ಯಾಚಾರ್ಯರ ಹೆಸರಿನಲ್ಲಿ ನಮಗೆ ಬಂದ ಆ ಕಥೆಗಳು ನನ್ನ ಅಂಗಡಿಯ ಸರಕಾಗಿರಲಿಲ್ಲ. ಅವು ಎಲ್ಲ ಜೀವಿಗಳ ಹಿತಕ್ಕೆಂದು ಒಪ್ಪಿಸಲ್ಪಟ್ಟ ನ್ಯಾಸ. ಆ ಯುವಕನು ತನ್ನ ಪಾಲನ್ನು ಕೇಳಲು ಬಂದಿದ್ದನು. ತನ್ನ ಪಾಲೆಷ್ಟೆಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ನಾನು ‘ನಿನ್ನದು ಏನೂ ಇಲ್ಲ’ ಎಂದೆ. ಇದಕ್ಕೆ ಸೂತ್ರದಲ್ಲಿ ಹೆಸರಿದೆ.

ಟ್ರಸ್ಟುಗಳ ಧರ್ಮಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ಪೂಜಾವಿಧಿಗಳ ಮರ್ಯಾದೆ, ಸ್ಥಳದ ಶುದ್ಧಿ, ಕಥೆಯ ಅರ್ಥಕ್ಕೆ ಭಂಗ ಬಾರದಂತೆ ಎಚ್ಚರ, ಇವೆಲ್ಲ ಬೇಕು. ಚಿತ್ರ ಸರಿಯಿಲ್ಲದಿದ್ದರೆ ಬೇಡವೆನ್ನುವ ಹಕ್ಕೂ ಇದೆ. ಆದರೆ ಯಾರಾದರೂ ನಮ್ಮ ಕಥೆಗಳನ್ನು ಓದಿ ಏನನ್ನಾದರೂ ರಚಿಸಿ ಬಾಗಿಲಿಗೆ ತಂದಾಗ, ತಂದವನ ಕುಲವನ್ನು ಕೇಳುವ ಮೊದಲು ಕಟ್ಟನ್ನು ಬಿಚ್ಚಿ ನೋಡಿರಿ. ಇಲಿ ತಿಂದಿತೆಂಬ ಉತ್ತರವನ್ನು ನಮ್ಮ ಮಕ್ಕಳು ನಂಬುವುದಿಲ್ಲ.